ಮೂರನೆಯ ಕೂಗು

ಕಾಳಯ್ಯನಪಾಳ್ಯ, ಮಾಗಡಿ ತಾಲ್ಲೂಕು
4-11-2024

ಚಿರಂಜೀವಿ ವರಲಕ್ಷ್ಮಿಗೆ,

ಸೋದರಮಾವ ಹುಚ್ಚಯ್ಯನ ಆಶೀರ್ವಾದ. ಇಲ್ಲಿ ಮೂವತ್ತೆಂಟು ಕುರಿ, ನಿಮ್ಮತ್ತೆ ಮತ್ತು ನಾನು ಎಲ್ಲರೂ ಮೇಯ್ದುಕೊಂಡು ಚೆನ್ನಾಗಿದ್ದೇವೆ.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನಮ್ಮಕ್ಕ ಕೃಷ್ಣಮ್ಮ ಯಾವತ್ತೂ ಮಡಕೆಯೊಳಗೆ ಕೂತು ಮಾತನಾಡುವವಳು, ಅದಕ್ಕೆ ಸ್ಪೀಕರ್ ಹಾಕಿದೆ. “ನಿನ್ ಸೊಸೆ ಫ್ಯಾಕ್ಟರಿಯೋರ್ ಜೊತೆ ಸಾವನದುರ್ಗ ಹತ್ತುತಾಳಂತೆ ಕಣೋ, ನೀನೇ ಒಸಿ ಬುದ್ಧಿ ಹೇಳು” ಎಂದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು “ಯಾರು ಹತ್ತೋದು, ಯಾವತ್ತು?” ಎಂದು ವಿಚಾರಿಸಿಕೊಂಡು ಹೋದರು. ಅದಕ್ಕೇ ಪತ್ರ. ನನ್ನ ಅಕ್ಷರ ದುಂಡಗಿದೆ ಎಂದು ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಇಡೀ ಶಾಲೆಗೆ ನನ್ನ ಕಾಪಿ ಪುಸ್ತಕ ತೋರಿಸಿದ್ದರು. ಎಂಟನೇ ಕ್ಲಾಸಿಗೆ ಹೋಗಿದ್ದರೆ ಏನಾಗುತ್ತಿದ್ದೆನೋ, ಶಾಲೆಯ ಪುಣ್ಯ, ಹೋಗಲಿಲ್ಲ.

ದುರ್ಗದ ವಿಷಯದಲ್ಲಿ ನನ್ನನ್ನು ಕೇಳದೆ ಯಾರೂ ಏನೂ ಮಾಡಬಾರದು. ಆ ಬಂಡೆಯನ್ನು ನಾನು ಎಷ್ಟು ಸಲ ಹತ್ತಿದ್ದೇನೆ? ಸಾವಿರ ಎಂದು ನಾನು ಹೇಳುತ್ತೇನೆ, ಇನ್ನೂರು ಎಂದು ನಿಮ್ಮತ್ತೆ ಹೇಳುತ್ತಾಳೆ. ನಡುವೆ ನಿನಗೆ ಇಷ್ಟ ಬಂದದ್ದು ಇಟ್ಟುಕೋ. ಒಮ್ಮೆ ಜರ್ಮನಿಯವನೊಬ್ಬ ಹಗ್ಗ, ಕೊಕ್ಕೆ, ತಲೆಗೆ ಟೋಪಿ ಎಲ್ಲ ಕಟ್ಟಿಕೊಂಡು ಹಲ್ಲಿಯ ಹಾಗೆ ಹತ್ತುತ್ತಿದ್ದ. ನಾನು ಬರಿಗಾಲು, ಹೆಗಲ ಮೇಲೆ ಕುರಿಮರಿ, ಬಾಯಲ್ಲಿ ಬೀಡಿ. ಅವನ ಪಕ್ಕದಲ್ಲೇ ಹಾದು ಹೋದೆ. ಆಸಾಮಿ ಹಗ್ಗ ಬಿಟ್ಟು ಕೈ ಮುಗಿದ. ಹಗ್ಗ ಬಿಡಬಾರದಾಗಿತ್ತು, ಆದರೂ ಬಿಟ್ಟ.

ಇನ್ನು ನಿನ್ನ ವಿಷಯ. ಒಂಬತ್ತು ವರ್ಷದವಳು ಅಮ್ಮನ ಜೊತೆ ಬೇಸಿಗೆ ರಜೆಗೆ ಬಂದು, ದಾರಿ ತಪ್ಪಿ, ಜಾರಿ, ಎಡಗಾಲು ಮುರಿದುಕೊಂಡಾಗ ಕಂಬಳಿಯಲ್ಲಿ ಕಟ್ಟಿ ಬೆನ್ನ ಮೇಲೆ ಹೊತ್ತು ಇಳಿಸಿದವನು ಯಾರು? ಒಂದೂವರೆ ಗಂಟೆಯ ದಾರಿ, ಮುಕ್ಕಾಲು ಗಂಟೆಯಲ್ಲಿ ಇಳಿದಿದ್ದೆ. ಮಾಗಡಿ ಪೇಟೆಯಲ್ಲಿ ಆರು ತಿಂಗಳು ಬೇರೆ ಮಾತಿರಲಿಲ್ಲ. ಕಾಲಿಗೆ ಕಂಬಿ ಹಾಕಿಸಿಕೊಂಡವಳಿಗೆ ಮತ್ತೆ ಅದೇ ಬಂಡೆ ಏಕೆ ಮಗಳೆ? ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಕೆಳಗೆ ನಿಂತು ನೋಡಿದರೂ ಕಾಣುತ್ತದೆ.

ಬುದ್ಧಿ ಹೇಳಿದ್ದೇನೆ ಎಂದು ನಿಮ್ಮಮ್ಮನಿಗೆ ತಿಳಿಸು.

ಇತಿ, ದುರ್ಗದ ಹುಲಿ ಎಂದು ಹೆಸರಾದ
ನಿನ್ನ ಮಾವ ಹುಚ್ಚಯ್ಯ


ಹಾರೋಹಳ್ಳಿ
15-11-2024

ಮಾವ,

ಪತ್ರ ತಲುಪಿತು. ಅಮ್ಮನಿಗೆ ತೋರಿಸಿಲ್ಲ.

ವಿಷಯ ಇಷ್ಟು. ನಮ್ಮ ಫ್ಯಾಕ್ಟರಿಯಿಂದ ಬರುವ ಮೇ ತಿಂಗಳಲ್ಲಿ ಹನ್ನೆರಡು ಜನರನ್ನು ಉತ್ತರಾಖಂಡಕ್ಕೆ ಕಳಿಸುತ್ತಾರೆ. ಅಲ್ಲಿ ಕೇದಾರಕಂಠ ಎಂಬ ಶಿಖರ, ಹನ್ನೆರಡೂವರೆ ಸಾವಿರ ಅಡಿ. ಹೆಸರು ಕೊಟ್ಟವರು ಮೂವತ್ತು ಜನ. ಜನವರಿ ಐದನೇ ತಾರೀಕು, ಭಾನುವಾರ, ಎಲ್ಲರೂ ಸಾವನದುರ್ಗ ಹತ್ತಬೇಕು, ಎಲ್ಲರೂ ಹೋಗುವ ಮಾಮೂಲಿ ದಾರಿಯಲ್ಲಿ. ಎರಡು ಗಂಟೆಯೊಳಗೆ ತುದಿಯ ನಂದಿ ಮುಟ್ಟಿದವರಲ್ಲಿ ಹನ್ನೆರಡು ಜನರನ್ನು ಆರಿಸುತ್ತಾರೆ. ನನ್ನ ಲೈನಿನಲ್ಲಿ ಕೆಲಸ ಮಾಡುವ ಮಹ್ವಿಶ್ ನನ್ನ ಹೆಸರನ್ನೂ ಬರೆಸಿದಳು. “ಎಂಟು ಗಂಟೆ ನಿಂತು ವೈರ್ ಕಟ್ಟೋ ಕಾಲಿಗೆ ಎರಡು ಗಂಟೆ ಬೆಟ್ಟ ಹತ್ತಕ್ಕಾಗಲ್ವಾ?” ಎಂದಳು. ನನಗೂ ಹಾಗೇ ಅನ್ನಿಸಿತು.

ಅಮ್ಮ ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ. “ನನ್ ತಮ್ಮ ಜೊತೇಲಿ ಬಂದ್ರೆ ಹೋಗು. ಅವನಿದ್ರೆ ಆ ಬೆಟ್ಟ ನಿನ್ನ ಏನೂ ಮಾಡಾಕಿಲ್ಲ.” ಅಪ್ಪ ಹೋದ ಮೇಲೆ ಅವಳಿಗೆ ನಿನ್ನ ಮಾತೇ ಕೊನೆಯ ಮಾತು, ನಿನಗೇ ಗೊತ್ತು. ಅದಕ್ಕೆ ನೀನು ಬರಬೇಕು.

ಇನ್ನೊಂದು. ನೀನು ಹೊತ್ತು ಇಳಿಸಿದ್ದು ಎಲ್ಲರಿಗೂ ಗೊತ್ತು, ಪ್ರತಿ ಮದುವೆಯಲ್ಲೂ ಕೇಳಿದ್ದೇನೆ. ನಾನು ಕೇಳುತ್ತಿರುವುದು ಅದಕ್ಕಿಂತ ಸ್ವಲ್ಪ ಮೊದಲಿನದು. ಬೀಳುವುದಕ್ಕೆ ಮುಂಚೆ ನಾನು ನಿನ್ನನ್ನು ಕೂಗಿದ್ದೆ. ಹದಿನೆಂಟು ವರ್ಷದಲ್ಲಿ ಈ ಮಾತನ್ನು ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಆ ದಾರಿಯಲ್ಲಿ ಮತ್ತೆ ನಡೆಯುವ ಮೊದಲು ಅದೊಂದು ಗೊತ್ತಾಗಬೇಕು.

ನಾನು ಕೂಗಿದಾಗ ನೀನು ಎಲ್ಲಿದ್ದೆ?

ವರಲಕ್ಷ್ಮಿ


ಕಾಳಯ್ಯನಪಾಳ್ಯ
30-11-2024

ಚಿರಂಜೀವಿ ವರಲಕ್ಷ್ಮಿಗೆ ಆಶೀರ್ವಾದ.

ಉತ್ತರ ತಡವಾಯಿತು. ಕುರಿ ಈಯುವ ಕಾಲ. ಮೂರು ದಿನದಲ್ಲಿ ಏಳು ಮರಿ. ಒಂದರ ಕಾಲು ಮೊದಲು ಬಂದು ತಾಯಿ ಒದ್ದಾಡುತ್ತಿತ್ತು. ಮಾಗಡಿಯಿಂದ ದನದ ಡಾಕ್ಟರು ಬೈಕು ಹತ್ತುವಷ್ಟರಲ್ಲಿ ನಾನು ಕೈ ಹಾಕಿ ತಿರುಗಿಸಿ ಹೊರಗೆ ತೆಗೆದಿದ್ದೆ. ಡಾಕ್ಟರು ಬಂದು ಮರಿಯನ್ನು ನೋಡಿ, ನನ್ನನ್ನು ನೋಡಿ, ಕಾಫಿ ಕುಡಿದು ಹೋದರು.

ಇನ್ನು ಜನವರಿ ಐದು. ನನ್ನ ಬಲ ಮಂಡಿಯಲ್ಲಿ ಒಂದು ಶಬ್ದ ಬರುತ್ತಿದೆ, ಹಳೇ ಗಾಡಿಯ ಗಾಲಿಯ ಹಾಗೆ. ಹತ್ತಲು ಆಗುವುದಿಲ್ಲ ಎಂದಲ್ಲ, ನನಗೆ ಆಗದ್ದು ಯಾವುದಿದೆ? ಆದರೆ ನಾನು ಜೊತೆಗೆ ಬಂದರೆ ಉಳಿದ ಇಪ್ಪತ್ತೊಂಬತ್ತು ಜನರಿಗೆ ಅವಮಾನವಾಗುತ್ತದೆ. ಐವತ್ತೆಂಟು ವರ್ಷದವನು ಮುಂದೆ, ಅವರು ಹಿಂದೆ.

ಬದಲಿಗೆ ಹತ್ತುವ ವಿದ್ಯೆಯನ್ನು ಬರೆದು ಕೊಡುತ್ತೇನೆ, ಬೇರೆ ಯಾರಿಗೂ ತೋರಿಸಬೇಡ. ಬಂಡೆಯನ್ನು ಕುರಿ ಹತ್ತುವ ಹಾಗೆ ಹತ್ತಬೇಕು, ನೇರ ಅಲ್ಲ, ಓರೆ. ತುದಿಗಾಲಲ್ಲಿ ಹೋಗುವವರು ಅರ್ಧ ದಾರಿಯಲ್ಲಿ ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಇಡೀ ಪಾದ ಊರು. ಕಲ್ಲಿನ ಮೇಲೆ ಕಪ್ಪು ಪಟ್ಟೆ ಕಂಡರೆ ಅದು ಮಳೆಗಾಲದಲ್ಲಿ ನೀರು ಹರಿದ ಜಾಗ, ಒಣಗಿದ್ದರೂ ನಂಬಬೇಡ. ಬೂದು ಬಣ್ಣದ ಕಲ್ಲನ್ನು ಬಿಟ್ಟು ಕಾಲು ಇಡಬೇಡ. ತುದಿಯನ್ನು ನೋಡಬೇಡ. ಅದು ಇನ್ನೇನು ಬಂತು ಎಂದು ನಾಲ್ಕು ಸಲ ಸುಳ್ಳು ಹೇಳುತ್ತದೆ.

ನೀನು ಕೂಗಿದ್ದರ ಬಗ್ಗೆ ಕೇಳಿದ್ದೀಯ. ಅವತ್ತು ಬೇಸಿಗೆಯ ಗಾಳಿ. ಮಂಚನಬೆಲೆ ಕಡೆಯಿಂದ ಎದ್ದರೆ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದಿಲ್ಲ. ಸಣ್ಣ ಮಕ್ಕಳ ನೆನಪಿನಲ್ಲಿ ಏನೇನೋ ಸೇರಿಕೊಂಡಿರುತ್ತದೆ. ನನಗೂ ಚಿಕ್ಕಂದಿನಲ್ಲಿ ಒಂದು ಹದ್ದು ನನ್ನ ಜೊತೆ ಮಾತನಾಡಿದ ನೆನಪಿದೆ.

ನಿಮ್ಮತ್ತೆ ಈಗ ಬಂದು “ಏನ್ ಅಷ್ಟೊಂದು ಬರೀತಾ ಇದೀಯ, ಕ್ರಯಪತ್ರನಾ?” ಎಂದಳು. ನಿಲ್ಲಿಸುತ್ತೇನೆ.

ಇತಿ, ನಿನ್ನ ಮಾವ
ಹುಚ್ಚಯ್ಯ


ಹಾರೋಹಳ್ಳಿ
9-12-2024

ಮಾವ,

ಹತ್ತುವ ವಿದ್ಯೆ ಉಪಯೋಗಕ್ಕೆ ಬಂತು. ಕಳೆದ ಭಾನುವಾರ ಮಹ್ವಿಶ್ ಜೊತೆ ರಾಮನಗರದ ಬೆಟ್ಟ ಹತ್ತಿ ಅಭ್ಯಾಸ ಮಾಡಿದೆ. ಓರೆಯಾಗಿ ಹೋದಾಗ ಕಾಲು ಅಷ್ಟು ನೋಯಲಿಲ್ಲ. ಮೆಟ್ಟಿಲು ಇರುವಲ್ಲೇ ಹೆಚ್ಚು ನೋಯುತ್ತದೆ.

ಹೋದ ಬುಧವಾರ ಚನ್ನಪಟ್ಟಣದ ಕಡೆಯವರು ನೋಡಲು ಬಂದಿದ್ದರು. ಹುಡುಗನ ಅತ್ತಿಗೆ “ಒಂದ್ ಲೋಟ ನೀರ್ ತಗೊಂಬಾ ತಾಯಿ” ಎಂದಳು. ತಂದುಕೊಟ್ಟೆ. ಸ್ವಲ್ಪ ಹೊತ್ತಿಗೆ ಹುಡುಗನ ತಾಯಿ “ನಂಗೂ ಒಂದ್ ಲೋಟ” ಎಂದಳು. ಅಡುಗೆಮನೆಯಿಂದ ಹಾಲ್‌ವರೆಗೆ ಹನ್ನೊಂದು ಹೆಜ್ಜೆ, ನಾನು ಕುಂಟುವುದು ಕಾಣಿಸಲು ಅಷ್ಟು ಸಾಕು. ಇಬ್ಬರೂ ನೀರು ಕುಡಿಯಲಿಲ್ಲ. ಅಮ್ಮ ಲೋಟಗಳ ನೀರನ್ನು ಹಾಗೇ ಬಚ್ಚಲಿಗೆ ಚೆಲ್ಲಿದಳು. ಅದು ಆರನೆಯ ಮನೆ. ನನಗೆ ಬೇಜಾರಿಲ್ಲ, ಹುಡುಗ ಇಡೀ ಹೊತ್ತು ಫ್ಯಾನನ್ನೇ ನೋಡುತ್ತಿದ್ದ.

ಅವರು ಹೋದ ಮೇಲೆ ಅಮ್ಮ ಅಂದದ್ದು: “ನಿಮ್ಮಾವ ಇಲ್ದಿದ್ರೆ ಇಷ್ಟಾದ್ರೂ ಕಾಲು ಎಲ್ಲಿ ಉಳೀತಿತ್ತು?”

ಹೆಸರು ಖಚಿತಪಡಿಸಲು 24ನೇ ತಾರೀಕು ಕೊನೆ. ನೀನು ಬರದಿದ್ದರೆ ಹೆಸರು ತೆಗೆಸುತ್ತೇನೆ. ಅಮ್ಮನಿಗೆ ಸುಳ್ಳು ಹೇಳಿ ಹೋಗುವುದು ನನ್ನಿಂದ ಆಗದು. ಬರುವುದಾದರೆ ಒಂದು ಸಾಲು ಬರಿ.

ಅವತ್ತು ಗಾಳಿ ಇರಲಿಲ್ಲ ಮಾವ. ಬಂಡೆ ಕಾದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ.

ವರಲಕ್ಷ್ಮಿ


ಕಾಳಯ್ಯನಪಾಳ್ಯ
17-12-2024

ವರಲಕ್ಷ್ಮಿಗೆ,

ಬರುತ್ತೇನೆ. ನಿಮ್ಮಮ್ಮನಿಗೆ ಹೇಳು.

ನೀನು ಒಂದು ಸಾಲು ಎಂದೆ, ಆದರೆ ಅಂಚೆಯವರು ಒಂದು ಸಾಲಿಗೂ ಅಷ್ಟೇ ತೆಗೆದುಕೊಳ್ಳುತ್ತಾರೆ, ಇನ್ನೂ ಬರೆಯುತ್ತೇನೆ. ಮಂಡಿಯ ಪರೀಕ್ಷೆಗೆಂದು ನಿನ್ನೆ ಒಬ್ಬನೇ ಹತ್ತಿದೆ. ಹತ್ತಿದೆ ಎಂದರೆ ಅರ್ಧ. ಈಗ ಎಷ್ಟು ಜನ! ವೀರಭದ್ರನ ಗುಡಿ ಹಿಂದಿನಿಂದಲೇ ಸಾಲು ಶುರು, ರೇಷನ್ ಅಂಗಡಿಯ ಹಾಗೆ. ಬಣ್ಣ ಬಣ್ಣದ ಬೂಟು, ಬೆನ್ನಿಗೆ ನೀರಿನ ಚೀಲ, ಚೀಲದಿಂದ ಬಾಯಿಗೆ ನಳಿಗೆ. ಆಸ್ಪತ್ರೆಯಿಂದ ನೇರ ಎದ್ದು ಬಂದವರ ಹಾಗೆ ಕಾಣುತ್ತಾರೆ. ಕೋಟೆಗೋಡೆಯ ಹತ್ತಿರ ಉಸಿರು ತೆಗೆದುಕೊಳ್ಳಲು ನಿಂತಿದ್ದೆ. ಒಬ್ಬಳು ಹುಡುಗಿ “ಅಂಕಲ್, ಕೂತ್ಕೊಳಿ, ಆಗದಿದ್ರೆ ಯಾರನ್ನಾದ್ರೂ ಕರೀತೀನಿ” ಎಂದಳು. ನನಗೆ! ನಾನು ಕುರಿ ಹುಡುಕುತ್ತಿದ್ದೇನೆ ಎಂದೆ. ಅವಳು ಸುತ್ತ ನೋಡಿದಳು. ಒಂದು ಕುರಿಯೂ ಇರಲಿಲ್ಲ.

ಗೋಡೆ ದಾಟಿ, ದಾರಿ ಎಡಕ್ಕೆ ತಿರುಗುವಲ್ಲಿ ತುಂಬಾ ಹೊತ್ತು ಕೂತಿದ್ದೆ. ಈಗ ಅಲ್ಲಿ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಗುರುತು ಹಾಕಿದ್ದಾರೆ, ಕುರುಡನೂ ತಪ್ಪುವುದಿಲ್ಲ.

ಉಳಿದದ್ದು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಹುಚ್ಚಯ್ಯ


ಕಾಳಯ್ಯನಪಾಳ್ಯ
8-1-2025

ವರಲಕ್ಷ್ಮಿಗೆ,

ಎದುರಿಗೆ ಸಿಕ್ಕಾಗ ಹೇಳುತ್ತೇನೆ ಎಂದು ಬರೆದಿದ್ದೆ. ಸಿಕ್ಕೆ. ಹೇಳಿದ್ದು ಬೇರೆ.

ನಡೆದದ್ದು ನಿನಗೂ ಗೊತ್ತು. ಆದರೂ ನನ್ನ ಕೈಯಲ್ಲಿ ಬರೆಯುತ್ತೇನೆ. ಗೋಡೆ ದಾಟಿದ ಮೇಲೆ ಎಲ್ಲರೂ ನೀರು ಕುಡಿಯಲು ನಿಂತರು. ನೀನು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ “ಇಲ್ಲೇ ಅಲ್ವಾ ಮಾವ?” ಎಂದೆ. ನಾನು ಹೂಂ ಎಂದೆ. ಹೇಳಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಆ ಮಹ್ವಿಶ್ ಹುಡುಗಿ “ಅಂಕಲ್, ನಮ್ ವರಾನ ಬೆನ್ ಮೇಲೆ ಹೊತ್ಕೊಂಡ್ ಬಂದೋರು ನೀವೇನಾ?” ಎಂದು ಕೇಳಿಬಿಟ್ಟಳು. ಮೂವತ್ತು ಮುಖ ನನ್ನ ಕಡೆ ತಿರುಗಿದವು.

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಪೂರ್ತಿ ಕಥೆ ಹೇಳಿದೆ. ಯಾರದೋ ಕೊರಳಿನ ಟವೆಲ್ ತೆಗೆದುಕೊಂಡು, ಯಾರದೋ ಬ್ಯಾಗನ್ನು ನೀನು ಎಂದು ಮಾಡಿ, ಬೆನ್ನಿಗೆ ಹೇಗೆ ಕಟ್ಟಿದೆ ಎಂದು ತೋರಿಸಿದೆ. ಹುಲಿಯ ಹೆಜ್ಜೆಯನ್ನೂ ಈ ಸಲ ಹೊಸದಾಗಿ ಸೇರಿಸಿದೆ. ಚಪ್ಪಾಳೆ ಹೊಡೆದರು. ಫೋಟೋ ತೆಗೆದರು. ನೀನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ಕಟ್ಟಿ ಆದ ಮೇಲೂ ಬಗ್ಗಿಯೇ ಇದ್ದೆ. ಆಮೇಲೆ ಎದ್ದು “ಹೊರಡೋಣ, ಟೈಮ್ ಆಗ್ತೈತೆ” ಎಂದು ಹೊರಟೆ. ನಾನು ಅಲ್ಲೇ ಕೂತೆ. ನೀನು ಒಂದು ಗಂಟೆ ನಲವತ್ತೇಳು ನಿಮಿಷಕ್ಕೆ ನಂದಿ ಮುಟ್ಟಿದೆ ಎಂದು ಇಳಿಯುವಾಗ ಮಹ್ವಿಶ್ ಹೇಳಿದಳು. ನೀನು ನಿನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಮುಂದೆ ಇಳಿದುಹೋದೆ.

ಈಗ ಹೇಳುತ್ತೇನೆ. ನೀನು ಬಿದ್ದ ಬೇಸಿಗೆಯಲ್ಲಿ ಆ ತಿರುವಿನಲ್ಲಿ ಬೆಂಗಳೂರಿನ ಹುಡುಗರು ಯಾರೋ ಸುಣ್ಣದಿಂದ ಎಡಕ್ಕೆ ಬಾಣದ ಗುರುತು ಹಾಕಿದ್ದರು. ನಾನು ಅದನ್ನು ಉಜ್ಜಿ ಅಳಿಸಿ ಬಲಕ್ಕೆ ಹಾಕಿದೆ. ಬಲಕ್ಕೆ ಹೋದವರಿಗೆ ಇನ್ನೂರು ಹೆಜ್ಜೆಗೆ ದಾರಿ ಮುಗಿಯುತ್ತದೆ. ಒಂದು ಅಗಲ ಹಾಸುಬಂಡೆ. ಮೇಲೆ ಹತ್ತಲು ಹಿಡಿಯಿಲ್ಲ, ತಿರುಗಿ ನೋಡಿದರೆ ಬಂದ ಇಳಿಜಾರಿನಲ್ಲಿ ಇಳಿಯಲು ಧೈರ್ಯ ಬರುವುದಿಲ್ಲ. ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ಅವರು ಕೂಗುತ್ತಾರೆ. ಆಗ ನಾನು ಕುರಿ ಹುಡುಕಿಕೊಂಡು ಬಂದವನ ಹಾಗೆ ಮೇಲಿನಿಂದ ಇಳಿದು, “ಏನ್ ಸಾಮಿ, ಇತ್ಲಾಗ್ ಯಾಕ್ ಬಂದ್ರಿ? ಸದ್ಯ ನಾನ್ ಇದ್ದೆ” ಎನ್ನುತ್ತಿದ್ದೆ. ಕೈ ಹಿಡಿದು ದಾರಿಗೆ ತರುತ್ತಿದ್ದೆ. ಹೆಂಗಸರು ಅಳುತ್ತಿದ್ದರು, ಗಂಡಸರು ಅಣ್ಣಾ ಎನ್ನುತ್ತಿದ್ದರು. ಫೋಟೋದಲ್ಲಿ ನನ್ನನ್ನು ನಡುವೆ ನಿಲ್ಲಿಸುತ್ತಿದ್ದರು. ದುಡ್ಡು ಮುಟ್ಟಲಿಲ್ಲ. ದುಡ್ಡಿಗೆ ಮಾಡಿದ್ದರೆ ಒಂದು ಥರ ಮರ್ಯಾದೆ ಇರುತ್ತಿತ್ತು.

ಆ ಬಾಣವನ್ನು ನಂಬಿ ನೀನೂ ಬಲಕ್ಕೆ ಹೋದೆ. ನೀನು ದಾರಿ ತಪ್ಪಲಿಲ್ಲ, ನಾನು ತಪ್ಪಿಸಿದ್ದೆ. ಇದೇ ವಿಷಯ. ಹದಿನೆಂಟು ವರ್ಷದಿಂದ ಎದೆಯ ಮೇಲೆ ಇದ್ದದ್ದು ಇಳಿಯಿತು.

ಹುಚ್ಚಯ್ಯ


ಹಾರೋಹಳ್ಳಿ
3-2-2025

ಮಾವ,

ಪಟ್ಟಿ ಬಂತು. ಹನ್ನೆರಡರಲ್ಲಿ ನನ್ನದು ಒಂಬತ್ತನೆಯ ಹೆಸರು. ಮೇ ಹದಿನಾಲ್ಕಕ್ಕೆ ರೈಲು. ಮಹ್ವಿಶ್ ಹೆಸರೂ ಇದೆ.

ನಿನ್ನ ಪತ್ರ ಓದಿದೆ. ಅದರಲ್ಲಿ ಒಂದು ತಪ್ಪಿದೆ. ನಾನು ಬಾಣ ನಂಬಿ ಹೋಗಲಿಲ್ಲ. ನೀನು ಬಲಕ್ಕೆ ಬಾಣ ಬರೆದ ಬೆಳಿಗ್ಗೆ ಸುಣ್ಣದ ಚೊಂಬು ಹಿಡಿದುಕೊಂಡು ನಿಂತಿದ್ದವಳು ನಾನೇ. ನಿನಗೆ ಮರೆತಿದೆ. “ಯಾರ್ಗೂ ಹೇಳ್ಬ್ಯಾಡ ಕಣವ್ವ, ಇದು ನಮ್ಮಿಬ್ರದೇ” ಎಂದಿದ್ದೆ. ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ಎಷ್ಟು ಸಲ ಕೇಳಿದಳು, ಅಲ್ಲಿಗೆ ಏಕೆ ಹೋದೆ ಎಂದು. ದಾರಿ ತಪ್ಪಿತು ಎಂದೆ.

ಆ ವಾರ ಎರಡು ಸಲ ನೀನು ಜನರನ್ನು ಕರೆತಂದದ್ದನ್ನು ದೂರದಿಂದ ನೋಡಿದ್ದೆ. ನೀನು ಮೇಲಿನಿಂದ ಇಳಿದು ಬರುವಾಗ ಅವರ ಮುಖ ಹೇಗಾಗುತ್ತಿತ್ತು ಎಂದು ನೋಡಿದ್ದೆ. ನನಗೂ ಹಾಗೆ ಬರಬೇಕು ಅನ್ನಿಸಿತು. ಬೇಕೆಂದೇ ಹೋದೆ. ಹಾಸುಬಂಡೆಯ ಮೇಲೆ ನಿಂತು ಕೂಗಿದೆ. ನಗು ಬರುತ್ತಿತ್ತು. ನೀನು ಬರಲಿಲ್ಲ. ಇನ್ನೊಂದು ಸಲ ಕೂಗಿದೆ. ಆಗ ನಗು ಬರಲಿಲ್ಲ. ಬಿಸಿಲಿಗೆ ಕಾಲು ಸುಡುತ್ತಿತ್ತು. ನೀನು ಅಲ್ಲಿಲ್ಲ, ಮನೆಗೆ ಹೋಗಿದ್ದೀಯ ಎಂದುಕೊಂಡೆ. ಒಬ್ಬಳೇ ಇಳಿಯಲು ಹೋದೆ.

ನೀನು ಹೇಳಿದ್ದು ನನಗೆ ಒಂಬತ್ತನೇ ವಯಸ್ಸಿನಿಂದ ಗೊತ್ತಿರುವ ಸಂಗತಿ. ನಾನು ಕೇಳಿದ್ದು ಬೇರೆ. ನವೆಂಬರಿನಲ್ಲಿ ಕೇಳಿದ್ದು, ಡಿಸೆಂಬರಿನಲ್ಲಿ ಕೇಳಿದ್ದು.

ವರಲಕ್ಷ್ಮಿ


ಕಾಳಯ್ಯನಪಾಳ್ಯ
22-2-2025

ವರಲಕ್ಷ್ಮಿಗೆ,

ಪಟ್ಟಿಯಲ್ಲಿ ಹೆಸರು ಬಂದದ್ದು ಕೇಳಿ ನಿಮ್ಮತ್ತೆ ಬೆಲ್ಲ ಹಂಚಿದಳು. ಇಲ್ಲಿ ಬಿಸಿಲು ಆಗಲೇ ಶುರುವಾಗಿದೆ. ಕುರಿಗಳ ತುಪ್ಪಟ ಕತ್ತರಿಸಬೇಕು. ಹಿಮದ ಮೇಲೆ ಹೊದೆಯಲು ಕಂಬಳಿ ನೇಯಿಸಿ ಕೊಡುತ್ತೇನೆ. ಅಲ್ಲಿಯವರು ಕೊಡುವ ಪ್ಲಾಸ್ಟಿಕ್ ಕೋಟು ನಂಬಬೇಡ.

ಉಳಿದದ್ದು ಬರೆಯಲು ಕೂತೆ. ಬರೆಯಲು ಆಗಲಿಲ್ಲ.

ಹುಚ್ಚಯ್ಯ


ಕಾಳಯ್ಯನಪಾಳ್ಯ
2-4-2025

ವರಲಕ್ಷ್ಮಿಗೆ,

ಯುಗಾದಿ ಮುಗಿಯಲಿ ಎಂದು ಕಾದೆ. ಮುಗಿಯಿತು.

ನಾನು ಅಲ್ಲೇ ಇದ್ದೆ. ನೀನು ನಿಂತ ಹಾಸುಬಂಡೆಯ ಮೇಲ್ಭಾಗದಲ್ಲಿ, ಬಿಕ್ಕೆ ಗಿಡದ ನೆರಳಿನಲ್ಲಿ. ಕವಣೆ ಕಲ್ಲು ಬೀಸಿದರೆ ನಿನ್ನನ್ನು ದಾಟಿ ಹೋಗುವಷ್ಟು ಹತ್ತಿರ. ಮೊದಲನೆಯ ಕೂಗು ಕೇಳಿಸಿತು. ಎರಡನೆಯದೂ ಕೇಳಿಸಿತು.

ನನಗೊಂದು ಪದ್ಧತಿ ಇತ್ತು. ಮೊದಲ ಕೂಗಿಗೆ ಹೋಗುತ್ತಿರಲಿಲ್ಲ. ಮೊದಲ ಕೂಗಿನಲ್ಲಿ ಜನ ಇನ್ನೂ ತಮಾಷೆಯಲ್ಲಿರುತ್ತಾರೆ, ಹೋದರೆ “ದಾರಿ ಎಲ್ಲಪ್ಪಾ?” ಎಂದು ಕೂಲಿಯವನನ್ನು ಕೇಳಿದ ಹಾಗೆ ಕೇಳುತ್ತಾರೆ. ಎರಡನೆಯದಕ್ಕೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿರುತ್ತಾರೆ. ಮೂರನೆಯ ಕೂಗಿನಲ್ಲಿ ದನಿ ಒಡೆಯುತ್ತದೆ. ಆಗ ಹೋದರೆ ಕಾಲು ಹಿಡಿಯುತ್ತಾರೆ. ಅದಕ್ಕೇ ಮೂರಕ್ಕೆ ಕಾಯುತ್ತಿದ್ದೆ.

ಯಾರೋ ಬೆಂಗಳೂರಿನವರ ಮಗು ಎಂದುಕೊಂಡೆ ಎಂದು ಬರೆಯಲು ಹೋಗಿ ಮೂರು ಹಾಳೆ ಹರಿದೆ. ಬೆಂಗಳೂರಿನವರ ಮಗು ಮಾವಾ ಎಂದು ಕೂಗುವುದಿಲ್ಲ. ನೀನೇ ಎಂದು ಗೊತ್ತಿತ್ತು. ನನ್ನ ಆಟವನ್ನು ನನ್ನ ಮೇಲೇ ಆಡಲು ಬಂದಿದ್ದಾಳೆ ಕಳ್ಳಿ ಎಂದುಕೊಂಡು ನಕ್ಕೆ. ಇವಳೂ ಮೂರು ಕೂಗಲಿ ಎಂದು ಬೀಡಿ ಹಚ್ಚಿದೆ. ಬೀಡಿ ಅರ್ಧ ಮುಗಿದಿರಲಿಲ್ಲ, ಮೂರನೆಯ ಕೂಗು ಬರಲಿಲ್ಲ. ಬಂದದ್ದು ಬೇರೆ ಶಬ್ದ.

ಕಂಬಳಿಯಲ್ಲಿ ಕಟ್ಟಿ ಹೊತ್ತು ತಂದದ್ದು ನಿಜ. ಮುಕ್ಕಾಲು ಗಂಟೆಯಲ್ಲಿ ಇಳಿದದ್ದೂ ನಿಜ. ಕೆಳಗೆ ಬರುವಷ್ಟರಲ್ಲಿ ಗುಡಿಯ ಹತ್ತಿರ ಜನ ಸೇರಿದ್ದರು. ನಿಮ್ಮಮ್ಮ ಓಡಿ ಬಂದು ಮೊದಲು ನನ್ನ ಕಾಲಿಗೆ ಬಿದ್ದಳು, ಆಮೇಲೆ ನಿನ್ನ ಮುಖ ನೋಡಿದಳು. ಅಕ್ಕ ತಮ್ಮನ ಕಾಲಿಗೆ ಬೀಳಬಾರದು. ನಾನು ಎತ್ತಲಿಲ್ಲ, ಎರಡೂ ಕೈಯಲ್ಲಿ ನೀನಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡೆ. ನೀನು ಬೆನ್ನ ಮೇಲಿದ್ದೆ. ಕೈ ಖಾಲಿ ಇದ್ದವು.

ಪತ್ರವನ್ನು ನಿಮ್ಮಮ್ಮನಿಗೆ ಓದಿ ಹೇಳುವುದಾದರೆ ಹೇಳು. ಬೇಡ ಎನ್ನುವುದಿಲ್ಲ.

ಹುಚ್ಚಯ್ಯ


ಹಾರೋಹಳ್ಳಿ
14-4-2025

ಮಾವ,

ಪತ್ರ ಬಂದು ಐದು ದಿನವಾಯಿತು. ಮೂರು ದಿನ ಎರಡನೇ ಶಿಫ್ಟ್ ಇತ್ತು. ಉಳಿದ ಎರಡು ದಿನ ಮತ್ತೆ ಮತ್ತೆ ಓದಿದೆ.

ಅಲ್ಲೇ ಇದ್ದೆ ಎಂದು ಬರೆದಿದ್ದೀಯ. ಇದ್ದಿರಬಹುದು ಎಂದು ನನಗೂ ಅನ್ನಿಸುತ್ತಿತ್ತು, ಏಕೆಂದರೆ ಬಿದ್ದ ತಕ್ಷಣ ನೀನು ಬಂದಿದ್ದೆ. ಅಷ್ಟು ಬೇಗ ಬರಬೇಕಾದರೆ ಹತ್ತಿರವೇ ಇರಬೇಕು. ಆದರೆ ಲೆಕ್ಕ ಹಾಕಿ ತಿಳಿದುಕೊಳ್ಳುವುದು ಬೇರೆ, ನಿನ್ನ ದುಂಡನೆಯ ಅಕ್ಷರದಲ್ಲಿ ಓದುವುದು ಬೇರೆ. ಓದಿದ ಮೇಲೆ ನಾನು ಅತ್ತುಬಿಟ್ಟೆ ಎಂದುಕೊಳ್ಳಬೇಡ. ಕ್ಷಮಿಸಿದೆ ಎಂದೂ ಅಂದುಕೊಳ್ಳಬೇಡ. ಆ ವಿಷಯಕ್ಕೆ ನಾನಿನ್ನೂ ಬಂದಿಲ್ಲ.

ಅಮ್ಮನಿಗೆ ಓದಿ ಹೇಳುವುದಿಲ್ಲ. ಅದು ನನ್ನ ಕೆಲಸವಲ್ಲ. ಫೋನಿನಲ್ಲಿ ಹೇಳುವುದೂ ಬೇಡ. 27ನೇ ತಾರೀಕು ಭಾನುವಾರ ನನಗೆ ರಜೆ. ಬೆಳಿಗ್ಗೆ ಮಾಗಡಿಯಲ್ಲಿ ಬಸ್ಸು ಹತ್ತಿದರೆ, ರಾಮನಗರದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹನ್ನೊಂದರೊಳಗೆ ಇಲ್ಲಿರುತ್ತೀಯ. ಅತ್ತೆಯನ್ನು ಕರೆತರಬೇಡ. ನೀನು ಬರುತ್ತೀಯ ಎಂದು ಹೇಳಿದ್ದೇನೆ. “ಹಿಮದ ಬೆಟ್ಟಕ್ಕೆ ಹೋಗೋಳ್ಗೆ ಮಾವ ಆಶೀರ್ವಾದ ಮಾಡಕ್ ಬತ್ತವ್ನೆ” ಎಂದು ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿ ಆಗಿದೆ. ನಾಟಿ ಕೋಳಿಗೂ ಹೇಳಿಟ್ಟಿದ್ದಾಳೆ.

ಹೇಳುವುದನ್ನು ಊಟಕ್ಕೆ ಮೊದಲೇ ಹೇಳು. ಊಟ ಆದ ಮೇಲೆ ಅಲ್ಲ. ಬೇರೆ ಯಾರನ್ನೂ ಕೂರಿಸುವುದಿಲ್ಲ, ನಾನು, ಅಮ್ಮ, ನೀನು ಅಷ್ಟೇ.

ಹೇಳಿದ ಮೇಲೂ ಅಮ್ಮ ಬಡಿಸಿದರೆ ಉಣ್ಣು. ಬಡಿಸದಿದ್ದರೆ, ಬಸ್‌ಸ್ಟ್ಯಾಂಡ್‌ವರೆಗೆ ನಾನು ನಿನ್ನ ಜೊತೆ ನಡೆದು ಬರುತ್ತೇನೆ.

ವರ